ಆಯಿ ಹೆಪ್ಪು ತಿರುಗಿ ಕೇಳಾಕ ಬಂದ ಬ್ಯಾಸಿಗಿ

ಜ್ವಾಳದ ಹಿಟ್ಟು ಕುದಿಯೂ ಮುಂದ ಒಂದು ವಾಸನಿ ಬರತೈತಿ. ಮೊದಲ ಹಸಿ ಹಿಟ್ಟಿಂದು, ಆಮ್ಯಾಲೆ ಮಳಿ ಬಿದ್ದ ಎರಿ ಮಣ್ಣಿನಂಥಾದ್ದು, ಕಡೀಕ ಸಣ್ಣಗ ಒಂದು ಸಿಹಿ. ನಿನ್ನಿ ಗೋಕಾಕದಾಗ ನನ್ನ ಮಗಳ ಅಡಗಿ ಮನಿಯಿಂದ ಆ ವಾಸನಿ ಹೊರಗ ಬಂತು. ನಾ ಪಡಸಾಲ್ಯಾಗ ಮೊಮ್ಮಗಳನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಿದ್ದೆ.

ಮೊಮ್ಮಗಳು ಅಂದ್ರ ಏನಂತ ಹೇಳ್ಲಿ... ಮಗಳ ಮದವಿ ಆಗಿ ಎಷ್ಟೋ ವರ್ಷ ಕಾದು, ಹರಕಿ ಹೊತ್ತು, ದವಾಖಾನಿ ಅಲದು, ಇನ್ನ ಆಗೂದಿಲ್ಲ ಅಂತ ಎಲ್ಲಾರೂ ಸುಮ್ಮನಾದ ಮ್ಯಾಲೆ ಬಂದ ಕೂಸು. ಅದರ ಕಾಲಾಗಿನ ಗೆಜ್ಜಿ ಸಪ್ಪಳ ಕೇಳಿದ್ರ ಸಾಕು, ನನಗ ನಗಿ ತಡಕೊಳ್ಳಾಕ ಆಗೂದಿಲ್ಲ. ಬಸ್ಸಿನ್ಯಾಗ ಬಾಜೂ ಕುಂತವರಿಗೆ ಹೇಳತೇನಿ, ಕಾಯಿಪಲ್ಯ ಮಾರಾಕಿಗೆ ಹೇಳತೇನಿ. ಅಕಿ ಒಂದಿನಾ ಅಂದ್ಲು, "ಅಮ್ಮಾರ, ಮೊನ್ನೀನೂ ಹೇಳೀರಿ." ಹೇಳಿರ್ತೇನಿ. ನಾಳಿಗೂ ಹೇಳತೇನಿ.

ಆ ಕೂಸಿಗೆ ಮೊದಲನೇ ಸಲ ಹುಳಿ ಅಂಬಲಿ ಕುಡಸೂದಿತ್ತು. ಮಗಳು ಗಂಜಿ ಕಾಸಿ ಇಳಿಸಿದ್ಲು. ಹೊರಗ ಬಿಸಲು ಹೆಂಗಿತ್ತಂದ್ರ ಗ್ವಾಡಿಗೆ ಕೈ ಹಚ್ಚಿದ್ರ ಹಂಚಿಗೆ ಹಚ್ಚಿದಂಗ.

"ಅವ್ವಾ, ಇದು ಆರವಲ್ದು" ಅಂತ ಒಳಗಿಂದ ಕೂಗಿದ್ಲು. "ನೀರಾಗ ಪಾತೇಲಿ ಇಟ್ರ ನೀರ ಬಿಸಿ ಆಗಾಕತ್ತೈತಿ. ಹಂಗ ಹೆಪ್ಪು ಹಾಕಿ ಬಿಡ್ಲ್ಯಾ?"

"ಹಾಕಬ್ಯಾಡ!"

ನಾ ಒದರಿದ್ದಕ್ಕ ಕೂಸು ಬೆಚ್ಚಿ ಬಿತ್ತು. ಮಗಳು ಸವಟ ಹಿಡಕೊಂಡ ಹೊರಗ ಬಂದ್ಲು. "ಏನವ್ವಾ, ಹಾವು ಕಂಡಂಗ ಮಾಡ್ತಿ? ಹೆಪ್ಪು ತಾನ?"

ಹೆಪ್ಪು ತಾನ... ಅಕಿಗೆ ಏನ್ ಗೊತ್ತು. ನಾನೂ ಅಕಿಗೆ ಹೇಳಿಲ್ಲ. ಹಡದವರಿಗೆ ಹೇಳೂ ಮಾತಲ್ಲ ಇದು, ಬಸರಿದ್ದವರಿಗಂತೂ ಅಲ್ಲ. ನಾ ಸಾಲಿ ಕಲ್ತದ್ದು ಕಡಿಮಿ, ಆದ್ರ ಇವತ್ತ ಮನಸ ತುಂಬಿ ಹೊರಗ ಚೆಲ್ಲಾಕತ್ತೈತಿ, ಅದಕ್ಕ ಬರ್ಯಾಕತ್ತೇನಿ.

ನಮ್ಮ ಮಸಗುಪ್ಪಿಯ ಮನಿಗೂ ಆಯಿ ಮನಿಗೂ ನಡುವ ಒಂದ ಗ್ವಾಡಿ. ಆಯಿ ಅಂತ ಕರದ್ರೂ ಆ ಮುದುಕಿ ನಮಗ ಬಳಗ ಅಲ್ಲ. ಓಣಿಗೆಲ್ಲಾ ಅಕಿ ಆಯೀನ. ಹಣಿ ತುಂಬ ವಿಭೂತಿ, ಕೊರಳಾಗ ಲಿಂಗ, ಬಿಳಿ ಸೀರಿ, ಕೈಯಾಗ ಯಾವಾಗಲೂ ಒಂದು ಒದ್ದಿ ಅರಿವಿ. ನಾ ಮದವಿ ಆಗಿ ಹುಕ್ಕೇರಿ ಕಡಿಯಿಂದ ಆ ಮನಿಗೆ ಬಂದಾಗ ಮೊದಲ ದಿನಾನ ಅತ್ತಿ ನನ್ನ ಕೈಯಾಗ ಒಂದು ತಂಬಿಗಿ ಕೊಟ್ಟು, "ಆಯಿ ಹಂತ್ಯಾಕ ಹೋಗಿ ಹೆಪ್ಪು ಇಸಗೊಂಡ ಬಾ" ಅಂದಿದ್ಲು. ಓಣ್ಯಾಗ ಎಲ್ಲಾರ ಮನಿ ಅಂಬಲಿಗೂ ಆಯಿ ಮನಿದ ಹೆಪ್ಪು.

ಹುಳಿ ಅಂಬಲಿ ಮಾಡೂದು ದೊಡ್ಡ ಕೆಲಸೇನಲ್ಲ. ಜ್ವಾಳದ ಗಂಜಿ ಕಾಸೂದು, ಅದು ಉಗುರು ಬೆಚ್ಚಗ ಆದ ಮ್ಯಾಲೆ ನಿನ್ನಿನ ಅಂಬಲಿ ಒಂದು ಸವಟ ಹಾಕಿ ಕಲಿಸಿ ಮುಚ್ಚೂದು. ಆ ಒಂದು ಸವಟಾನ ಹೆಪ್ಪು. ಮುಂಜಾನಿಗೆ ಗಡಗ್ಯಾಗ ಸಣ್ಣ ಸಣ್ಣ ಗುಳ್ಳಿ ಎದ್ದು ಚಿರ್ರ್ ಅಂತಿರತೈತಿ. ಥಂಡ್ಯಾಗ ಏನೂ ತ್ರಾಸಿಲ್ಲ. ಬ್ಯಾಸಿಗ್ಯಾಗ ತ್ರಾಸು. ಗಂಜಿ ಆರೂದಿಲ್ಲ. ಬಿಸಿ ಇದ್ದಾಗ ಹಾಕಿದ್ರ ಹೆಪ್ಪು ಸಾಯತೈತಿ. ಆರ್ಲಿ ಅಂತ ಬಾಳ ಹೊತ್ತು ಬಿಟ್ರ ಗಂಜಿ ಹಳಸಿ ನೂಲು ನೂಲು ಆಗತೈತಿ. ಅದಕ್ಕ ಲಗೂ ಆರಸಬೇಕು. ನಮ್ಮ ಅತ್ತಿ ಅಗಲ ತಾಟಿನಂಥಾ ದೊಡ್ಡ ಪರಾತದಾಗ ಸುರದು ಜ್ವಾಳ ಕೇರೂ ಮರದಿಂದ ಗಾಳಿ ಹಾಕತಿದ್ಲು. ಉಳದವರು ಒದ್ದಿ ಗ್ವಾಣಿಚೀಲ ಸುತ್ತತಿದ್ರು. ಅಷ್ಟ ಮಾಡಿದ್ರೂ ಬ್ಯಾಸಿಗಿ ತುಂಬ ಒಬ್ಬರಲ್ಲಾ ಒಬ್ಬರ ಮನ್ಯಾಗ ಹೆಪ್ಪು ಸಾಯೂದು, ತಂಬಿಗಿ ಹಿಡಕೊಂಡು ಆಯಿ ಬಾಗಲಕ್ಕ ಹೋಗೂದು.

ಆಯಿ ಹೆಪ್ಪು ಮಾತ್ರ ಎಂದೂ ಸಾಯತಿದ್ದಿಲ್ಲ.

ಅಕಿ ಮನಿ ಹಿತ್ತಲದಾಗ ಒಂದು ಹಳೀ ಬಾವಿ ಇತ್ತು. ಬ್ಯಾಸಿಗಿ ಬಂತಂದ್ರ ಆಯಿ ಬಿಸಿ ಗಂಜಿ ಗಡಗಿ ಬಾಯಿಗೆ ಅರಿವಿ ಕಟ್ಟಿ, ಹಗ್ಗಾ ಹಚ್ಚಿ ಬಾವ್ಯಾಗ ಇಳಸತಿದ್ಲು. ನೀರಿಗೆ ಮುಟ್ಟಸತಿದ್ದಿಲ್ಲ, ನೀರಿನ ಮ್ಯಾಲೆ ತೂಗ ಬಿಡತಿದ್ಲು. ಮಟಮಟ ಮಧ್ಯಾಹ್ನ. ಕಾಗಿ ಸುದ್ದಾ ಒದರೂ ಹೊತ್ತಲ್ಲ ಅದು. ಆಯಿ ಬಾವಿ ದಂಡಿಗೆ ಕುಂತು, ಹಗ್ಗ ಕೈಗೆ ಸುತಗೊಂಡು, ತಲಿ ಕೆಳಗ ಹಾಕಿ ಏನೋ ಮಾತಾಡತಿದ್ಲು. ಮಾತಾಡಿ ಸುಮ್ಮನಾಗೂದು, ಆಮ್ಯಾಲೆ ನಕ್ಕೋತ "ಹೂಂ, ಹೂಂ" ಅನ್ನೂದು. ನಾವು ಒಂದ ಎಲಿ ಅಡಿಕಿ ಹಾಕ್ಕೊಂಡು ಉಗಳೂದರಾಗ ಗಡಗಿ ಮ್ಯಾಲೆ ಬರತಿತ್ತು, ಹಿತವಾಗಿ ಆರಿ.

ನಮ್ಮ ಅತ್ತಿ ಬಾಯಿ ಸುಮ್ಮನಿರೂ ಬಾಯಲ್ಲ. "ಯಕ್ಕಾ, ನಿನ್ನ ಬಾವ್ಯಾಗ ಬರ್ಫ್ ಅಂಗಡಿ ಐತೇನ? ನಮ್ಮ ಗಡಗೀನೂ ಇಳಸು" ಅಂತ ಒಂದಿನಾ ಗ್ವಾಡಿ ಮ್ಯಾಲಿಂದ ಕೇಳಿದ್ಲು.

"ಇಳಸವ್ವಾ, ಯಾರ್ ಬ್ಯಾಡ ಅಂದಾರ" ಅಂದ್ಲು ಆಯಿ. "ಆದ್ರ ನಿಂದು ಆರೂದಿಲ್ಲ."

ಅತ್ತಿ ಹಟಕ್ಕ ಬಿದ್ದು ಇಳಿಸಿದ್ಲು. ಅದ ಬಾವಿ, ಅದ ಹಗ್ಗ. ಬಾಳ ಹೊತ್ತು ಬಿಟ್ಟು ಎಳದ್ರ ಗಡಗಿ ಕೈ ಸುಡತಿತ್ತು. ಅವತ್ತಿಂದ ಅತ್ತಿ ಆ ಹಿತ್ತಲಕ್ಕ ಕಾಲ ಇಡಲಿಲ್ಲ.

ಆಯಿಗೆ ಒಬ್ಬಾಕೀನ ಮಗಳು. ಮದವಿ ವಯಸ್ಸಿಗೆ ಬಂದ ಹುಡಿಗಿ, ನೀರ ಸೇದಾಕ ಹೋಗಿ ಕಾಲ ಜಾರಿ ಆ ಬಾವ್ಯಾಗ ಬಿದ್ದು ತೀರಕೊಂಡಿತ್ತು. ನಾ ಆ ಊರಿಗೆ ಬರೂದಕ್ಕ ಬಾಳ ಮೊದಲಿನ ಮಾತು. ಆ ದಿನಾ ಮುಂಜಾನಿ ಅಂಬಲಿಗೆ ಹೆಪ್ಪು ಹಾಕಿದಾಕಿ ಅದ ಹುಡಿಗಿ. ಮಣ್ಣ ಮಾಡಿ ಬಂದು ನೋಡಿದ್ರ ಒಲಿ ಮಗ್ಗಲ ಗಡಗಿ ಚಿರ್ರ್ ಅಂತ ಅನ್ನಾಕತ್ತಿತ್ತಂತ. ಮನ್ಯಾಗ ಎಲ್ಲಾರೂ ಸುಮ್ಮನದಾರ, ಅದೊಂದ ಮಾತಾಡಾಕತ್ತೈತಿ. ಆಯಿ ಗಡಗಿಗೆ ಕಿವಿ ಹಚ್ಚಿ ಕುಂತು ಬಿಟ್ಲಂತ. ಅವತ್ತಿನ ಹೆಪ್ಪು ಆಯಿ ಮತ್ತ ಸಾಯಾಕ ಬಿಟ್ಟಿಲ್ಲ.

"ಅಕಿ ಸಣ್ಣಾಕಿದ್ದಾಗ ಬಿಸಿ ಅಂದ್ರ ಆಗತಿದ್ದಿಲ್ಲ" ಅಂತ ಆಯಿ ನನಗ ಹೇಳಿದ್ಲು. "ಹಾಲಿಗೆ ಊದಾಕಿ, ರೊಟ್ಟಿಗೆ ಊದಾಕಿ, ನನ್ನ ಕೈ ಸುಟ್ರ ಅದಕ್ಕೂ ಊದಾಕಿ. ಈಗೂ ಊದತಾಳ."

"ಎಲ್ಲೇ ಆಯಿ?"

ಆಯಿ ಬಾವಿ ಕಡೆ ಕೈ ಮಾಡಿದ್ಲು. ನಮ್ಮ ಹೊಲ ಅಲ್ಲೈತಿ ನೋಡು ಅಂತ ತೋರಸಿದಂಗ, ಅಷ್ಟ ಸಾದಾ.

ಮರು ವರ್ಷ ನಾ ಬಸರಾದೆ. ಅದಕ್ಕ ಮೊದಲ ಒಂದು ಬಸರು ನಿಂದರದ ಹೋಗಿತ್ತು. ಈ ಸಲಾ ಹೊಟ್ಟ್ಯಾಗ ಏನೂ ನಿಂದರವಲ್ದು. ರೊಟ್ಟಿ ಕಂಡ್ರ ವಾಂತಿ, ಅನ್ನ ಕಂಡ್ರ ವಾಂತಿ, ನೀರೂ ವಾಪಸ್. ನಮ್ಮವ್ರು ನನ್ನ ಗೋಕಾಕಕ್ಕ ಕರಕೊಂಡು ಹೋದ್ರು. ಡಾಕ್ಟರು ನಮ್ಮವ್ರನ್ನ ಬಾಜೂಕ ಕರದು, "ಏನರ ಉಣ್ಣಸ್ರಿ, ಇಲ್ಲಂದ್ರ ಕೂಸು ಉಳಿಯೂದು ಕಠಿಣ ಐತಿ" ಅಂದದ್ದು ನನಗೂ ಕೇಳಿಸ್ತು. ಮನಿಗೆ ಬಂದು ಮಕ್ಕೊಂಡಾಗ ಆಯಿ ಒಂದು ವಾಟಗಾ ಅಂಬಲಿ ತಂದು ತುಟಿಗೆ ಹಿಡದ್ಲು. ಅದು ಒಳಗ ಹೋತು, ಒಳಗ ನಿಂತು. ಮತ್ತೊಂದು ವಾಟಗಾ ಕುಡದೆ. ಅತ್ತಿ ಸೆರಗಿಲೆ ಕಣ್ಣ ಒರಸಕೊಂಡ್ಲು. ಅವತ್ತಿಂದ ನನಗೂ ನನ್ನ ಹೊಟ್ಟ್ಯಾಗಿನ ಜೀವಕ್ಕೂ ಆ ಅಂಬಲಿ ಒಂದ ಆಸರ. ಮೂಡಲಗಿ ಸಂತಿಯಿಂದ ಬ್ಯಾರೆ ಹುಳಿ, ಮಜ್ಜಿಗಿ, ಏನೇನೋ ತಂದು ನೋಡಿದ್ರು. ಎಲ್ಲಾ ವಾಂತಿ.

ಆ ಬ್ಯಾಸಿಗ್ಯಾಗ ಸುತ್ತಲಿನ ಕಬ್ಬಿನ ಹೊಲದಾಗ ಬೋರ್ ಹೊಡಸಿದ್ರು. ಆಯಿ ಬಾವಿ ನೀರು ಇಳಕೋತ ಹೋತು. ಆಯಿ ಹಗ್ಗಕ್ಕ ಹಗ್ಗ ಗಂಟ ಹಾಕಿದ್ಲು. ಹಗ್ಗ ಸಾಲದಾದಾಗ ಸೀರಿ ಅಂಚು ಹರದು ಕಟ್ಟಿದ್ಲು. ಗಡಗಿ ಆರೂದು ತಡಾ ಆಗಾಕ ಹತ್ತಿತು. "ಅಕಿ ದೂರ ಹೋಗಾಕತ್ತಾಳ. ಬರಾಕ ಹೊತ್ತ ಹಿಡಿತೈತಿ" ಅಂತಿದ್ಲು.

ಬಾವಿ ಪೂರಾ ಒಣಗಿತು. ಆಯಿ ಭಾವನ ಮಗ ಅಂತ ಒಬ್ಬಂವ ಇದ್ದ, ಹೊಲ ಮನಿ ಅಂವನ ನೋಡಕೊಳ್ಳಾಂವ. ಮನಶ್ಯಾ ಕೆಟ್ಟಂವಲ್ಲ. "ಕಾಕೂ, ಒಣಾ ಬಾವಿ ಬಾಯಿ ತಕ್ಕೊಂಡು ಕುಂತರ ಯಾರರ ಬೀಳ್ತಾರ. ನಿನಗೂ ನೋಡಿ ನೋಡಿ ಸಂಕಟ. ಮುಚ್ಚಿ ಬಿಡೂನು" ಅಂದ. ಹಿರ್ಯಾರೆಲ್ಲಾ ಹೌದೌದು ಅಂದ್ರು. ಎಲ್ಲಾರೂ ಒಳ್ಳೇದು ಮಾಡಾಕತ್ತೇವಿ ಅಂತನ ತಿಳಕೊಂಡಿದ್ರು. ಅಕಿನ್ನ ಒಬ್ಬರೂ ಕೇಳಲಿಲ್ಲ.

ಮುಚ್ಚೂ ಹಿಂದಿನ ದಿನಾ ಮಧ್ಯಾಹ್ನ ಆಯಿ ನನ್ನ ಕರದ್ಲು. "ನನ್ನ ಕೈ ನಡಗತಾವು. ಇವತ್ತೊಂದಿನಾ ನೀ ಹಗ್ಗ ಹಿಡಿ ಮಗಳ."

ಅತ್ತಿ ಮಕ್ಕೊಂಡಿದ್ಲು. ನಾ ಹೋದೆ. ಹಗ್ಗ ಹಿಡದು ಬಿಡಕೋತ ಹೋದೆ, ಸೀರಿ ಅಂಚಿನ ಗಂಟು ಬೆರಳಾಗ ಒಂದೊಂದ ದಾಟಿ ಹೋದ್ವು. ಕೆಳಗ ಕತ್ತಲಿ. ಗಡಗಿ ತಳಕ್ಕ ಮುಟ್ಟಿದ ಸಪ್ಪಳ ಬರಲಿಲ್ಲ. ಆದ್ರ ಹಗ್ಗದ ಭಾರ ತಟ್ಟನ ಹೋತು... ಯಾರೋ ಕೆಳಗಿಂದ ಎರಡೂ ಕೈ ಹಿಡದು ಗಡಗಿ ಇಸಗೊಂಡಂಗ. ನಾ ಆಯಿ ಮುಖ ನೋಡಿದೆ. ಆಯಿ ತುಟಿ ಮ್ಯಾಲೆ ಬೆರಳ ಇಟ್ಲು.

ಗಾಳಿ ಅಂಬೂದ ಇದ್ದಿಲ್ಲ. ಬೇವಿನ ಎಲಿ ಒಂದೂ ಅಳಗಾಡತಿದ್ದಿಲ್ಲ. ಬಾವ್ಯಾಗಿಂದ ಥಣ್ಣಗ ಒಂದು ಉಸರು ಬಂದು ನನ್ನ ಮುಖಕ್ಕ ಬಡೀತು. ನಿಂತು, ಮತ್ತ ಬಂತು. ಕೂಸಿಗೆ ಬಿಸಿ ತುತ್ತು ಊದೂ ಮುಂದ ನಾವು ಹೆಂಗ ನಡುವ ಉಸರ ತಗೋತೇವಿ, ಹಂಗ. ಹೊಟ್ಟ್ಯಾಗಿನ ಕೂಸು ಅವತ್ತ ಮೊದಲನೇ ಸಲ ಮಿಸುಕ್ಯಾಡಿತು.

ಹಗ್ಗಕ್ಕ ಮತ್ತ ಭಾರ ಬಂತು. "ಎಳಿ" ಅಂದ್ಲು ಆಯಿ. ಗಡಗಿ ಥಣ್ಣಗಿತ್ತು. ಬಾಯಿಗೆ ಕಟ್ಟಿದ ಅರಿವಿ ಒದ್ದಿ ಆಗಿತ್ತು. ಉಗಿಗೆ ಆಗಿರಬೇಕು ಅಂತ ನಾ ನನಗ ಹೇಳಿಕೊಂಡೆ, ಈಗೂ ಹೇಳಕೋತೇನಿ. ಆಯಿ ಆ ಅರಿವಿ ಬಿಚ್ಚಿ, ಮುಖಕ್ಕ ಒತ್ತಿಕೊಂಡು ಬಾಳ ಹೊತ್ತು ಕುಂತ್ಲು.

ಮರುದಿನಾ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ಕಲ್ಲು ಮಣ್ಣು ತುಂಬಿದ್ರು. ಆಯಿ ಹೊರಗ ಬರಲಿಲ್ಲ.

ಆಮ್ಯಾಲೆ ಆಯಿ ಮನ್ಯಾಗ ಗಂಜಿ ಆರೂದ ಬಿಡ್ತು. ಪರಾತ, ಗ್ವಾಣಿಚೀಲ, ಒದ್ದಿ ಉಸುಕು ಎಲ್ಲಾ ಮಾಡಿ ನೋಡಿದ್ಲು. ನಮ್ಮ ಮನ್ಯಾಗ ಆರೂದು ಅಕಿ ಮನ್ಯಾಗ ಆರತಿದ್ದಿಲ್ಲ. ಹೆಪ್ಪು ಸೋಲಾಕ ಹತ್ತಿತು. ಗಡಗಿಗೆ ಕಿವಿ ಹಚ್ಚಿ ಕುಂದ್ರೂದು, "ಉಸರ ಹತ್ತೈತಿ ಅಕಿಗೆ. ಕುದಿಯಾಗ ಕುಂದ್ರಿಸಿ ಕೊಲ್ಲಾಕತ್ತೇನಿ" ಅಂತ ಅಳೂದು. ಒಂದಿನಾ ಅಳೂದು ನಿಂತು. ಗ್ವಾಡಿ ಆ ಕಡಿಂದ ಅಕಿ ಧ್ವನಿ ಕೇಳಿಸ್ತು, "ಸಾಕು ಮಗಳ. ಕಳಸ್ತೇನಿ. ಎಲ್ಲಾ ಕೂಡಿಸಿ ಕಳಸ್ತೇನಿ."

ಮಧ್ಯಾಹ್ನಕ್ಕ ಒಂದು ದೊಡ್ಡ ಗಡಗಿ ಟೊಂಕದ ಮ್ಯಾಲೆ ಇಟಗೊಂಡು ಆಯಿ ಓಣ್ಯಾಗ ಹೊಂಟ್ಲು. ಮೊದಲನೇ ಮನಿ ಬಾಗಲದಾಗ ನಿಂತು, "ಹೆಪ್ಪು ಕೊಡವ್ವಾ" ಅಂದ್ಲು. ಆ ಮನಿಯಾಕಿ ನಕ್ಕು, "ನೀನ ಕೊಟ್ಟಾಕಿ ಆಯಿ, ನಿನಗ ಹೆಪ್ಪ?" ಅಂತ ಒಂದು ಸವಟ ಹಾಕಾಕ ಬಂದ್ಲು. "ಸವಟ ಅಲ್ಲ. ಇದ್ದದ್ದೆಲ್ಲಾ."

ನಮ್ಮ ಕಡೆ ಒಂದು ರಿವಾಜು ಐತಿ. ಹಗಲಿನ್ಯಾಗ ಬಾಗಲಕ್ಕ ಬಂದು ಹೆಪ್ಪು ಕೇಳಿದವರಿಗೆ ಇಲ್ಲಾ ಅನ್ನಬಾರದು. ಅಂದ್ರ ಮನಿ ಹೈನ ಒಡಿತೈತಿ, ತೊಟ್ಟಲ ಬರಿದಾಗತೈತಿ ಅಂತಾರ. ಅಕಿ ಗಡಗಿ ಖಾಲಿ ಮಾಡಿ ಸುರದ್ಲು. ಆಯಿ ಮುಂದಿನ ಮನಿಗೆ ಹೋದ್ಲು. ಅಲ್ಲಿಂದ ಮುಂದಿನ ಮನಿಗೆ. ದಿನಾ ಅದ ಹೊತ್ತಿಗೆ ಬರೂದು, ಒಂದೊಂದು ಬಾಗಲದಾಗ ನಿಂದ್ರೂದು, ಇಸಗೊಂಡದ್ದನ್ನ ಒಯ್ದು ಮುಚ್ಚಿದ ಬಾವಿ ಮಣ್ಣಿನ ಮ್ಯಾಲೆ ಸುರಿಯೂದು. ಮಣ್ಣು ಕುಡದು ಬಿಡತಿತ್ತು. ಸುರದ ಜಾಗಾದಾಗ ಚಿರ್ರ್ ಅಂತ ಸಪ್ಪಳ ಬರತಿತ್ತಂತ. ನಗತಿದ್ದ ಹೆಣಮಕ್ಕಳು ನಗೂದು ಬಿಟ್ರು. ಅಕಿ ಬರೂ ಹೊತ್ತಿಗೆ ಓಣಿ ತುಂಬ ಬಾಗಲ ಮುಚ್ಚಾಕ ಹತ್ತಿದ್ವು. ಮುಚ್ಚಿದ ಬಾಗಲದ ಮುಂದ ಆಯಿ ಕುಂತು ಬಿಡತಿದ್ಲು. ಯಾರರ ಎಷ್ಟ ಹೊತ್ತ ಮುಚ್ಚಿಕೊಂಡಿರ್ತಾರ?

ಅತ್ತಿ ಹಿತ್ತಲದಾಗ ಸಿಕ್ಕಾಗ ಕೇಳಿದ್ಲು, "ಯಕ್ಕಾ, ಇದೇನ್ ಹಚ್ಚಿ?"

"ಎಲ್ಲಾರ ಮನ್ಯಾಗ ಚೂರು ಚೂರು ಆಗ್ಯಾಳವ್ವಾ. ಚೂರು ಬಿಟ್ಟು ಹೆಂಗ ಹೋಗ್ತಾಳ? ಪೂರಾ ಕೂಡಿದ್ರ ಹೋಗ್ತಾಳ."

ಅತ್ತಿ ಒಳಗ ಬಂದು ನನ್ನ ನೋಡಿದ್ಲು. ನಾ ಅತ್ತಿನ್ನ ನೋಡಿದೆ. ಇಬ್ಬರಿಗೂ ಗೊತ್ತಿತ್ತು, ಉಳದದ್ದು ನಮ್ಮ ಮನಿ ಒಂದ.

ಆಯಿ ಬಂದ್ಲು. ಬಾಗಲ ಮುಚ್ಚೂನು ಅಂತ ಅತ್ತಿ ಎದ್ಲು, ನಾ ಕೈ ಹಿಡದೆ. ತೊಟ್ಟಲದ ಮಾತು ನನಗ ಹೆದರಿಕಿ ಇತ್ತು. ಆಯಿ ನಮ್ಮ ಕಟ್ಟಿ ಮ್ಯಾಲೆ ಗಡಗಿ ಇಟ್ಟು ಕುಂತ್ಲು. ಕೇಳಲಿಲ್ಲ. ನಾ ಹೊಸ್ತಲ ಒಳಗ ಕುಂತೆ, ನನ್ನ ಬೆನ್ನ ಹಿಂದ ನಮ್ಮ ಅಂಬಲಿ ಗಡಗಿ. ಅದು ಚಿರ್ರ್ ಅನ್ನೂದು ನನಗೂ ಕೇಳತಿತ್ತು, ಆಯಿಗೂ ಕೇಳತಿತ್ತು. ಅಕಿ ತುಟಿ ಎಷ್ಟೋ ಸಲ ಅಳಗ್ಯಾಡಿದ್ವು. ಪ್ರತಿ ಸಲಾ ನಾ ಗಡಗಿಗೆ ಬೆನ್ನ ಒತ್ತಿಕೊಂಡು ಕುಂದ್ರತಿದ್ದೆ. ಕೇಳಿದ್ರ ಕೊಡಬೇಕು. ಕೊಟ್ರ ನನ್ನ ಕೂಸಿಗೆ ಏನ್ ಕುಡಸ್ಲಿ? ಕೊಡದಿದ್ರ ಅಕಿ ಕೂಸು ಹಾದಿ ಹಿಡಿಯೂದಿಲ್ಲ...

ಬಿಸಲು ಕಟ್ಟಿ ಇಳದು ಅಂಗಳಕ್ಕ ಹೋತು, ಅಂಗಳ ಬಿಟ್ಟು ಎದರ ಗ್ವಾಡಿ ಏರಿತು. ದನ ಮನಿಗೆ ಬಂದ್ವು. ಆಯಿ ನನ್ನ ಹೊಟ್ಟಿ ಕಡೆ ನೋಡಿದ್ಲು, ನನ್ನ ಬೆನ್ನ ಹಿಂದಿನ ಗಡಗಿ ನೋಡಿದ್ಲು, ಮತ್ತ ಹೊಟ್ಟಿ ನೋಡಿದ್ಲು. ಆಮ್ಯಾಲೆ ಅಂದ್ಲು,

"ಲಗೂ ದೀಪಾ ಹಚ್ಚ ಮಗಳ."

ಮೊದಲ ನನಗ ತಿಳೀಲಿಲ್ಲ. ಅತ್ತಿಗೆ ತಿಳೀತು. ದೀಪಾ ಹಚ್ಚಿದ ಮ್ಯಾಲೆ ಯಾರೂ ಹೆಪ್ಪು ಕೊಡಬಾರದು, ಯಾರೂ ಕೇಳಬಾರದು. ಅತ್ತಿ ಓಡಿ ಹೋಗಿ ದೇವರ ಮುಂದಿನ ದೀಪಾ ಹಚ್ಚಿದ್ಲು. ಹೊರಗ ಇನ್ನೂ ಬೆಳಕಿತ್ತು. ಆಯಿ ಆ ದೀಪಾ ನೋಡಿ, ಖಾಲಿ ಗಡಗಿ ಎತ್ತಿಕೊಂಡು, "ಆತು" ಅಂದು ಎದ್ದು ಹೋದ್ಲು. ಮತ್ತ ನಮ್ಮ ಬಾಗಲಕ್ಕ ಬರಲಿಲ್ಲ.

ಕುಬಸ ಮಾಡಿ ನನ್ನ ಹಡ್ಯಾಕ ಹುಕ್ಕೇರಿ ತವರಿಗೆ ಕಳಿಸಿದಾಗ ಅಂಬಲಿ ಗಡಗಿ ಮಡಲಾಗ ಇಟಗೊಂಡು ಹೋದೆ. ಅತ್ತಿ ಒಂದು ಸವಟಾನೂ ಉಳಸ್ಕೊಳ್ಳಲಿಲ್ಲ. "ಪೂರಾ ಒಯ್ಯಿ ತಾಯಿ, ನನಗ ಅದರ ಸಪ್ಪಳ ಬ್ಯಾಡ" ಅಂದ್ಲು. ಅಲ್ಲೇ ಮಗಳು ಹುಟ್ಟಿದ್ಲು, ಗಟ್ಟಿಮುಟ್ಟಾಗಿ, ಓಣಿ ಕೇಳೂಹಂಗ ಅತ್ಕೋತ. ಬಾಣಂತನ ಮುಗಿಸಿ ಕೂಸಿನ್ನ ಎತ್ತಿಕೊಂಡು ಮಸಗುಪ್ಪಿಗೆ ಬಂದ್ರ ಆಯಿ ಬಾಗಲಕ್ಕ ಕೀಲಿ ಇತ್ತು. ಶಿವನ ಪಾದ ಸೇರಿ ತಿಂಗಳಾಗಿತ್ತಂತ. ಬಾಣಂತಿಗೆ ತಿಳಸಬಾರದು ಅಂತ ಯಾರೂ ನನಗ ಹೇಳಿದ್ದಿಲ್ಲ. ಅಕಿ ನನ್ನ ಮಗಳನ್ನ ನೋಡಲೇ ಇಲ್ಲ... ಅದೊಂದು ಇವತ್ತಿಗೂ ಚುಚ್ಚತೈತಿ ನನಗ.

ಆ ಹೆಪ್ಪು ನಾ ಯಾರಿಗೂ ಕೊಟ್ಟಿಲ್ಲ. ಮತ್ತ ಚೂರು ಆಗೂದು ಬ್ಯಾಡ ಅಂತ. ಹಗಲ ಹೊತ್ತಿನ್ಯಾಗ ಯಾರ ಕಣ್ಣಿಗೂ ಕಾಣದಂಗ ಇಟ್ಟು, ಇಷ್ಟು ಬ್ಯಾಸಿಗಿ ದಾಟಿಸಿದೆ.

ನಿನ್ನಿ ಮಗಳ ಕೈಯಾಗಿಂದ ಪಾತೇಲಿ ಇಸಗೊಂಡು, ಗಂಜಿ ಪರಾತಕ್ಕ ಸುರದು, ನಾನ ಕುಂತು ಗಾಳಿ ಹಾಕಿದೆ. ಹದಕ್ಕ ಬಂದ ಮ್ಯಾಲೆ ನಾ ಸಂಗಾಟ ತಂದ ಗಡಗ್ಯಾಗಿನ ಆ ಹೆಪ್ಪು ಹಾಕಿದೆ. ಇವತ್ತ ಮುಂಜಾನಿ ಮೊಮ್ಮಗಳು ಅಂಬಲಿ ಕುಡದ್ಲು! ಮೊದಲ ಮುಖಾ ಕಿವಚಿದ್ಲು, ಆಮ್ಯಾಲೆ ಚಮಚಾನ ಹಿಡದು ಬಿಡವಲ್ಲಳು. ಗದ್ದಕ್ಕೆಲ್ಲಾ ಬಡಕೊಂಡು ನಕ್ಕಳು. ನಾನೂ ನಕ್ಕೆ, ನಕ್ಕೋತ ಅತ್ತೆ. ಮಗಳು, "ಅವ್ವಾ, ಈ ಹೆಪ್ಪು ನಾ ಎಂದೂ ತೀರಾಕ ಬಿಡೂದಿಲ್ಲ ನೋಡ. ಇಕಿ ಮಕ್ಕಳೂ ಇದನ್ನ ಕುಡೀಬೇಕು" ಅಂದ್ಲು.

ನಾ ಹೂಂ ಅಂದೆ. ನನ್ನ ಮಗಳು ದೊಡ್ಡಾಕಿ ಆದ ಮ್ಯಾಲೆ ಈ ಹೆಪ್ಪು ಪೂರಾ ಬಾವಿ ಮಣ್ಣಿಗೆ ಸುರದು ಆಯಿ ಮಗಳನ್ನ ಕಳಸಿ ಬಿಡೂನು ಅಂತ ಇದ್ದೆ. ಈಗ ಈ ಕೂಸಿನ ಬಾಯಿಗೆ ಬಿದ್ದೈತಿ. ಇದರ ಬಾಯಾಗಿಂದ ಹೆಂಗ ಕಸಗೊಳ್ಳಲಿ? ಮಸಗುಪ್ಪಿಯಾಗ ಆಯಿ ಮನಿ ಬಿದ್ದು ಹೋಗೇತಿ, ಹಿತ್ತಲ ಪೂರಾ ಕಬ್ಬು ಐತಿ. ಬಾವಿ ತುಂಬಿದ ಹಿರ್ಯಾರು ಒಬ್ಬರೂ ಉಳದಿಲ್ಲ, ನಮ್ಮ ಅತ್ತೀನೂ ಇಲ್ಲ. ಆ ಕಬ್ಬಿನ ನಡುವ ಬಾವಿ ಬಾಯಿ ಎಲ್ಲಿತ್ತು ಅಂತ ತೋರಸಾವರು ಯಾರರ ಇದ್ರ, ಇನ್ನ ನಾ ಒಬ್ಬಾಕೀನ.